ನೋವಾಗದ ಸೂಜಿ

ಅನಂತರಾಮರಿಗೆ ಸೂಜಿಯೊಂದನ್ನು ಬಿಟ್ಟರೆ ಈ ಪ್ರಪಂಚದಲ್ಲಿ ಹೆದರಿಕೆ ಹುಟ್ಟಿಸುವ ವಸ್ತು ಯಾವುದೂ ಇರಲಿಲ್ಲ. ನೈರೋಬಿಯ ಸೌತ್ ಸಿ ಬಡಾವಣೆಯ ಮನೆಯ ಕಾಂಪೌಂಡಿಗೆ ಹಾವು ನುಗ್ಗಿದ ದಿನ ಕಾವಲಿನವನು ಗೇಟಿನ ಮೇಲೆ ಹತ್ತಿ ಕೂತಿದ್ದರೆ, ಇವರು ಲುಂಗಿ ಎತ್ತಿಕಟ್ಟಿ, ಪೊರಕೆ ಹಿಡಿದು ಅದನ್ನು ಮೋರಿಯವರೆಗೆ ಸಾಗಹಾಕಿ ಬಂದಿದ್ದರು. ಆಫೀಸಿನಲ್ಲಿ ಸರ್ವರುಗಳು ಮಲಗಿಕೊಂಡು, ಊರವರ ಮೊಬೈಲ್ ಬಿಲ್ಲುಗಳೆಲ್ಲ ತಲೆಕೆಳಗಾಗಿ, ಮಿಕ್ಕವರು ಬೆವರು ಒರೆಸಿಕೊಳ್ಳುತ್ತಿದ್ದಾಗಲೂ ಇವರು ಇನ್ನೊಂದು ಕಪ್ ಚಹಾ ತರಿಸಿಕೊಂಡು ಕುಡಿಯುತ್ತಿದ್ದರು. ಆದರೆ ಇಂಜೆಕ್ಷನ್ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಕೈಕಾಲು ತಣ್ಣಗಾಗಿ ಮುಖ ಬೂದಿಬಣ್ಣಕ್ಕೆ ತಿರುಗುತ್ತಿತ್ತು.

ಬೆಂಗಳೂರು ಬಿಡುವ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲು ಹೋದಾಗ ನಡೆದದ್ದನ್ನು ಅವರ ಹೆಂಡತಿ ಭಾನುಮತಿ ನೈರೋಬಿಯ ಕನ್ನಡದವರ ಮನೆಮನೆಯಲ್ಲೂ ಹೇಳಿ ಮುಗಿಸಿದ್ದರು. "ಸೂಜಿ ಇನ್ನೂ ಪ್ಯಾಕೆಟ್ಟಿನೊಳಗೇ ಇತ್ತು ಕಣ್ರೀ, ಇವರು ಆಗಲೇ ನೆಲದ ಮೇಲಿದ್ರು! ಹಿಂದೆ ಕ್ಯೂನಲ್ಲಿದ್ದೋರೆಲ್ಲ ಲಸಿಕೆ ಹಾಕಿಸ್ಕೊಂಡ್ರೆ ಹಿಂಗಾಗತ್ತೆ ಅಂತ ಎದ್ದು ಹೊರಟೇಹೋದ್ರು!" ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುವಾಗ ಅನಂತರಾಮರೂ ನಗುತ್ತಿದ್ದರು. ಬೇರೆ ದಾರಿ ಏನಿತ್ತು?

ಎರಡು ವರ್ಷದ ಮಟ್ಟಿಗೆಂದು ಕಂಪನಿ ಕಳಿಸಿದ ಮನುಷ್ಯ ವರ್ಷದಿಂದ ವರ್ಷಕ್ಕೆ ಮುಂದುವರಿಸಿಕೊಂಡು ಅಲ್ಲೇ ಬೇರು ಬಿಟ್ಟಿದ್ದರು. ಒಳ್ಳೆಯವರು, ಕೈ ಧಾರಾಳ, ಬಾಯಿ ಅದಕ್ಕಿಂತ ಧಾರಾಳ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ಮಾತ್ರ ಅವರಿಗೆ ಇರಲಿಲ್ಲ. ಯಾವುದೇ ವಿಷಯ ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ತಾವೇ ಕಟ್ಟಿಕೊಂಡು, ಪೂರ್ತಿ ತಿಳಿದವರ ಹಾಗೆ ಇನ್ನೊಬ್ಬರಿಗೆ ವಿವರಿಸುತ್ತಿದ್ದರು. ಆಫೀಸಿನಲ್ಲಿ ಇದೇ ಗುಣಕ್ಕೆ ಅವರನ್ನು ಮೀಟಿಂಗುಗಳಿಗೆ ಕರೆಯುತ್ತಿದ್ದರು ಅನ್ನುವುದು ಬೇರೆ ಮಾತು.

ಇಂಥವರಿಗೇ ಸಕ್ಕರೆ ಕಾಯಿಲೆ ಬರಬೇಕೆ? ಬಂತು. ಮಾತ್ರೆಯಲ್ಲಿ ಕೆಲವು ವರ್ಷ ನಡೆಯಿತು. ರಕ್ತ ಪರೀಕ್ಷೆಗೆ ಹೋದಾಗಲೆಲ್ಲ ಭಾನುಮತಿ ತಮ್ಮ ಸೆರಗಿನಿಂದ ಗಂಡನ ಕಣ್ಣು ಮುಚ್ಚಿ ಹಿಡಿಯುತ್ತಿದ್ದರು. ಎರಡು ಸಾವಿರದ ಹದಿನಾರರ ಸೆಪ್ಟೆಂಬರಿನಲ್ಲಿ ಅವರ ವೈದ್ಯೆ ಡಾಕ್ಟರ್ ಅಚಿಯೆಂಗ್ ರಿಪೋರ್ಟು ನೋಡಿ ಕನ್ನಡಕ ತೆಗೆದರು. ಮಾತ್ರೆ ಇನ್ನು ಸಾಲದು, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಪೆನ್ನಿನಂಥ ಒಂದು ಸಾಧನವನ್ನು ಮೇಜಿನ ಮೇಲಿಟ್ಟು, ತುದಿಯ ಮುಚ್ಚಳ ತೆಗೆದು, "ಸಿಂಡಾನೋ ಎಷ್ಟು ಚಿಕ್ಕದು ನೋಡಿ" ಎಂದು ಸೂಜಿ ತೋರಿಸಹೋದರು. ಅನಂತರಾಮರು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಜಿರಾಫೆಯನ್ನು ನೋಡುತ್ತಾ "ಎಸ್ ಡಾಕ್ಟರ್, ಎಸ್ ಡಾಕ್ಟರ್" ಎಂದು ತಲೆಯಾಡಿಸಿದರು. ಮನೆಗೆ ಬಂದು ಪೆನ್ನನ್ನು ಡಬ್ಬಿ ಸಮೇತ ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಬಾಟಲಿಯ ಹಿಂದಕ್ಕೆ ತಳ್ಳಿಬಿಟ್ಟರು.

ಭಾನುಮತಿ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಆದರೆ ಅವರು ಅದೇ ವಾರ ತಂಗಿಯ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹಾರಿದ್ದರು. ವಾಟ್ಸಾಪ್ ವಿಡಿಯೋದಲ್ಲಿ "ಡಾಕ್ಟ್ರು ಏನಂದ್ರು?" ಎಂದು ಕೇಳಿದರೆ ಇವರು "ಔಷಧಿ ಬದಲಾಯಿಸಿದ್ದಾರೆ ಕಣೇ" ಎಂದರು. ಸುಳ್ಳೇನಲ್ಲವಲ್ಲ, ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮನೆಯಲ್ಲಿ ಅವರ ಜೊತೆ ಇದ್ದವಳು ತೇಜಸ್ವಿನಿ, ಅಕ್ಕ ಗಿರಿಜಾಳ ಮಗಳು. ಸಂಶೋಧನೆ ಮುಗಿಸಿ, ಲೊರೆಶೋದ ಆಚೆ ಗುಡ್ಡದ ಮೇಲಿದ್ದ ದನಗಳ ರೋಗದ ಸಂಸ್ಥೆಯೊಂದಕ್ಕೆ ಕೆಲಸಕ್ಕೆ ಬಂದಿದ್ದಳು. ಸ್ಪ್ರಿಂಗ್ ವ್ಯಾಲಿಯಲ್ಲಿ ಗೆಳತಿಯರ ಜೊತೆ ಮನೆ ಮಾಡುತ್ತೇನೆ ಎಂದವಳನ್ನು "ಮಾಮನ ಮನೆ ಇರೋವಾಗ ನಿಂಗೇನೇ ಬಂದಿದೆ ರೋಗ" ಎಂದು ಬೈದು ಕರೆತಂದಿದ್ದರು. ಬೆಳಿಗ್ಗೆ ಹೋದರೆ ಸಂಜೆ ಸುಸ್ತಾಗಿ ಬರುತ್ತಿದ್ದಳು. ಮಾಮ ಏನು ಹೇಳಿದರೂ "ಹೂಂ ಮಾಮ" ಅನ್ನುವುದು ಅವಳ ರೂಢಿ. ಅರ್ಧ ಗೌರವ, ಅರ್ಧ ನಿದ್ದೆ.

ಒಂದು ದಿನ ಊಟಕ್ಕೆ ಕೂತಾಗ ಅನಂತರಾಮರು ಸುಮ್ಮನೆ ಕೇಳಿದರು: "ಅಲ್ಲ ತೇಜು, ದಿನಾ ಆ ದನಗಳ ಜೊತೆ ಏನೇ ಮಾಡ್ತೀಯ ನೀನು?"

"ದನದ ಮುಖ ನೋಡಿ ಎಷ್ಟೋ ದಿನ ಆಯ್ತು ಮಾಮ. ನನ್ನ ಹತ್ರ ಬರೋದು ಬರೀ ರಕ್ತ. ಅದರಲ್ಲಿರೋ ಬಿಳಿ ಕಣಗಳನ್ನ ಬೇರೆ ಮಾಡಿ ಸೂಜಿಗಳ ಮೇಲೆ ಕೂರಿಸ್ತೀನಿ."

ಅನಂತರಾಮರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಸೂಜಿ ಮೇಲಾ?"

"ನ್ಯಾನೋ ಸೂಜಿ ಮಾಮ. ಕೂದಲಿಗಿಂತ ನೂರಾರು ಪಟ್ಟು ತೆಳ್ಳಗೆ. ಉಗುರಿನಷ್ಟು ಸಿಲಿಕಾನ್ ಚಿಪ್ಪಿನ ಮೇಲೆ ಲಕ್ಷಾಂತರ ಸೂಜಿ ನಿಂತಿರತ್ತೆ. ಸೆಲ್ ಅದರ ಮೇಲೆ ಕೂತ್ರೆ ಸೂಜಿ ಒಳಗೆ ಇಳಿಯತ್ತೆ. ಸೂಜಿಗೆ ಏನು ಸವರಿರ್ತೀವೋ ಅದು ಸೆಲ್ಲಿನ ಒಳಗೆ ಹೋಗತ್ತೆ. ಡಿಎನ್ಎ, ಔಷಧಿ, ಬಣ್ಣ, ಏನು ಬೇಕಾದ್ರೂ."

"ಮತ್ತೆ ನೋವು?"

ತೇಜಸ್ವಿನಿ ನಕ್ಕಳು. "ಅದಕ್ಕೆ ಗೊತ್ತೇ ಆಗಲ್ಲ ಮಾಮ. ಆರಾಮಾಗಿ ಕೂತಿರತ್ತೆ. ಸಾಯಲ್ಲ, ಬೆಳೆಯತ್ತೆ, ಒಂದಿದ್ದದ್ದು ಎರಡಾಗತ್ತೆ."

ಅವಳು ಹೇಳಿದ್ದು ಕಣ್ಣಿಗೆ ಕಾಣದ ಒಂದು ಕಣದ ಬಗ್ಗೆ. ಇವರು ಕೇಳಿಸಿಕೊಂಡದ್ದು ತಮ್ಮ ಹೊಟ್ಟೆಯ ಬಗ್ಗೆ. ಔಷಧಿ ಒಳಗೆ ಹೋಗುತ್ತೆ, ನೋವು ಗೊತ್ತೇ ಆಗಲ್ಲ! ತಮ್ಮ ಮನೆಯ ಮಗುವೇ ಇದನ್ನು ಮಾಡುತ್ತಿರುವಾಗ ಆ ಡಾಕ್ಟರಮ್ಮನ ಮೊಳೆಯಂಥ ಸೂಜಿ ಯಾರಿಗೆ ಬೇಕು? ಆ ರಾತ್ರಿ ಅವರು ಎರಡು ಸಲ ಮೊಸರನ್ನ ಹಾಕಿಸಿಕೊಂಡರು.

"ಅದು ಯಾವಾಗ ರೆಡಿ ಆಗತ್ತೆ ಪುಟ್ಟಿ?" ಎಂದು ಆಮೇಲೆ ಆಗಾಗ ಕೇಳುತ್ತಿದ್ದರು. "ನೋಡ್ಬೇಕು ಮಾಮ, ಇನ್ನೊಂದಿಷ್ಟು ತಿಂಗಳು" ಅನ್ನುತ್ತಿದ್ದಳು. ಅವಳು ತನ್ನ ಪ್ರಯೋಗದ ಲೆಕ್ಕ ಹೇಳುತ್ತಿದ್ದಳು. ಇಷ್ಟು ದಿನ ಕಾಯ್ದಿದ್ದೇನೆ, ಇನ್ನೊಂದಿಷ್ಟು ತಿಂಗಳು ದೊಡ್ಡದೇ, ಎಂದು ಇವರು ಫ್ರಿಜ್ಜಿನ ಬಾಗಿಲು ಮುಚ್ಚುತ್ತಿದ್ದರು.

ನಿಜ ಹೇಳಬೇಕೆಂದರೆ ತೇಜಸ್ವಿನಿಯ ತಲೆಯೂ ಆಗ ಕೆಟ್ಟು ಕೂತಿತ್ತು. ಸೂಜಿಗೆ ಸವರಿದ ಹಸಿರು ಬಣ್ಣ ಒಳಗೆ ಹೋದರೆ ಕಣ ಮಿನುಗಬೇಕು. ಒಂದೇ ಹಸುವಿನ ರಕ್ತ, ಒಂದೇ ಚಿಪ್ಪು, ಒಂದೇ ದಿನ. ಕೆಲವು ಕಣ ಮಿನುಗುತ್ತಿದ್ದವು, ಪಕ್ಕದವು ಕತ್ತಲಾಗಿಯೇ ಇರುತ್ತಿದ್ದವು. "ಸೂಜಿ ನಿಜವಾಗಲೂ ಒಳಗೆ ಹೋಗ್ತಿದೆಯಾ, ಇಲ್ಲ, ಮೊಳೆಗಳ ಮೇಲೆ ಒದ್ದೆ ಪಂಚೆ ಹಾಸಿದ ಹಾಗೆ ಸೆಲ್ಲಿನ ಪೊರೆ ಸುಮ್ಮನೆ ಸೂಜಿಗಳನ್ನ ಸುತ್ತಿಕೊಂಡು ಕೂತಿದೆಯಾ, ಗೊತ್ತೇ ಆಗ್ತಿಲ್ಲ ಮಾಮ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ" ಎಂದು ಒಮ್ಮೆ ಗೋಳು ಹೇಳಿಕೊಂಡಳು. ಅನಂತರಾಮರು ಗಂಭೀರವಾಗಿ ಯೋಚಿಸಿ, "ಒಂದ್ಸಲ ಎಲ್ಲಾ ಆಫ್ ಮಾಡಿ ಆನ್ ಮಾಡಿ ನೋಡು" ಎಂದರು.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಲೊರೆಶೋದ ಉಮಾಶಂಕರರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದರು. ಬಿಸಿಬೇಳೆಭಾತಿನ ತಟ್ಟೆ ಹಿಡಿದುಕೊಂಡೇ ಅನಂತರಾಮರು ಘೋಷಿಸಿದರು: "ಇನ್ಮೇಲೆ ಯಾರ ಮಕ್ಕಳೂ ಇಂಜೆಕ್ಷನ್ನಿಗೆ ಅಳಬೇಕಾಗಿಲ್ಲ ಕಣ್ರೀ. ನಮ್ಮ ತೇಜು ನೋವೇ ಆಗದ ಸೂಜಿ ಮಾಡ್ತಿದಾಳೆ. ಪ್ರಪಂಚದಲ್ಲೇ ಮೊದಲು!"

"ಹೌದೇನಮ್ಮಾ?" ಎಂದು ಉಮಾಶಂಕರರ ಹೆಂಡತಿ ಉಷಾ ಬಾಯಿ ಬಿಟ್ಟರು. ತಟ್ಟೆಗೆ ಹಪ್ಪಳ ಹಾಕುತ್ತಿದ್ದ ತೇಜಸ್ವಿನಿಯ ಮುಖ ಕೆಂಪಾಯಿತು. ಅದು ಹಾಗಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಮಾಮ ಎದೆಯುಬ್ಬಿಸಿ ನಿಂತಿದ್ದರು. ಅಷ್ಟು ಜನರ ಮುಂದೆ ಹಿರಿಯರನ್ನು ತಿದ್ದುವುದು ಹೇಗೆ? "ಹೂಂ ಆಂಟಿ, ಆ ಥರದ್ದೇ ಏನೋ" ಎಂದು ಹಪ್ಪಳದ ತಟ್ಟೆ ತೆಗೆದುಕೊಂಡು ಮುಂದೆ ಹೋದಳು.

ಅದರ ಮರುವಾರ ಅನಂತರಾಮರ ಆಫೀಸಿನವರು ಕರೂರಾ ಕಾಡಿನಲ್ಲಿ ಒಂದು ನಡಿಗೆ ಇಟ್ಟುಕೊಂಡಿದ್ದರು. ಅದಕ್ಕೆಂದೇ ಕೊಂಡ ಹೊಸ ಶೂ ಕಚ್ಚಿ ಬಲಗಾಲಿನ ಹೆಬ್ಬೆರಳಿನ ಕೆಳಗೆ ಗುಳ್ಳೆಯೆದ್ದು ಒಡೆಯಿತು. ನೋವೇನೂ ಇರಲಿಲ್ಲ. ಜೊತೆಯವರೆಲ್ಲ ಮಾರನೆಯ ದಿನ ಮಂಡಿ ಹಿಡಿದುಕೊಂಡು ಅಯ್ಯೋ ಅಮ್ಮಾ ಅನ್ನುತ್ತಿದ್ದರೆ ಇವರು ಮೆಟ್ಟಿಲು ಹತ್ತಿ ಇಳಿದು ಮೆರೆದರು. ಗಾಯಕ್ಕೊಂದು ಪ್ಲಾಸ್ಟರ್ ಅಂಟಿಸಿದರು. ಅದು ಉದುರಿದಾಗ ಇನ್ನೊಂದು. ಆಮೇಲೆ ಮರೆತರು. ನೋಯದ ಗಾಯವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ವಿಡಿಯೋದಲ್ಲಿ ಭಾನುಮತಿಗೆ ಮುಖ ಕಾಣುತ್ತಿತ್ತೇ ಹೊರತು ಪಾದ ಕಾಣುತ್ತಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ ತೇಜಸ್ವಿನಿಯ ಸಂಸ್ಥೆಯಲ್ಲಿ ಮನೆಯವರಿಗೆಲ್ಲ ಲ್ಯಾಬು ತೋರಿಸುವ ದಿನ. ಅನಂತರಾಮರು ಹಬ್ಬಕ್ಕೆ ಹೊರಟವರಂತೆ ಇಸ್ತ್ರಿ ಮಾಡಿದ ಷರಟು ಹಾಕಿ, ಅದೇ ಹೊಸ ಶೂ ಕಟ್ಟಿ ಹೊರಟರು. ಲ್ಯಾಬಿನಲ್ಲಿ ಅವರಿಗೊಂದು ಬಿಳಿ ಕೋಟು ತೊಡಿಸಿದರು. ಅದು ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಬರಲಿಲ್ಲ.

ತೇಜಸ್ವಿನಿ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದಳು. ಗದ್ದೆಯಲ್ಲಿ ನಾಟಿ ಮಾಡಿದ ಹಾಗೆ ಸಾಲುಸಾಲು ಸೂಜಿಗಳು. ಅವುಗಳ ಮೇಲೆ ಮೆತ್ತಗೆ ಕೂತ ಗುಂಡಗಿನ ಕಣ. ನೋಡಿದ ಕೂಡಲೇ ಅನಂತರಾಮರು ಮೇಜನ್ನು ಹಿಡಿದುಕೊಂಡರು. ಆದರೆ ಆ ಕಣ ನಿಜಕ್ಕೂ ಸುಮ್ಮನೆ ಕೂತಿತ್ತು. ಒದ್ದಾಡಲಿಲ್ಲ, ಮುದುಡಲಿಲ್ಲ. "ಇದಕ್ಕೆ ಏನೂ ಅನ್ನಿಸ್ತಿಲ್ವಾ?" ಎಂದು ಕೇಳಿದರು.

"ಅದೇ ಮಾಮ ನನ್ನ ಪ್ರಶ್ನೆ" ಎಂದಳು ತೇಜಸ್ವಿನಿ. "ಏನೂ ಆಗಿಲ್ಲ ಅಂತಾನಾ, ಇಲ್ಲ ಆಗಿದ್ದು ಕಾಣಿಸ್ತಿಲ್ಲವಾ?"

ಇದೇನು ಉತ್ತರವೋ, ಮತ್ತೊಂದು ಪ್ರಶ್ನೆಯೋ ಅನಂತರಾಮರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಯಾರೋ ಕರೆದರೆಂದು ಅವಳು ಆ ಕಡೆ ತಿರುಗಿದಳು. ಮೇಜಿನ ಮೇಲೆ ಗಾಜಿನ ಬಟ್ಟಲೊಳಗೆ ಇನ್ನೊಂದು ಚಿಪ್ಪು ಇತ್ತು, ಮುಚ್ಚಳ ಪಕ್ಕದಲ್ಲಿ. ಉಗುರಿನಷ್ಟು, ಕಪ್ಪು ಮಖಮಲ್ಲಿನ ಚೂರಿನ ಹಾಗೆ. ಇಷ್ಟೇನಾ? ಇದರ ಮೇಲೆ ಲಕ್ಷ ಸೂಜಿ? ಯಾವ ಸಾಫ್ಟ್‌ವೇರನ್ನೂ ತಾವೇ ಒಮ್ಮೆ ಒತ್ತಿ ನೋಡದೆ ಗಿರಾಕಿಗೆ ಕೊಟ್ಟವರಲ್ಲ ಅವರು. ಕಣ್ಣು ಬಿಗಿಯಾಗಿ ಮುಚ್ಚಿದರು, ಹಲ್ಲು ಕಚ್ಚಿದರು, ಬಲಗೈಯ ತೋರುಬೆರಳನ್ನು ಚಿಪ್ಪಿನ ಮೇಲಿಟ್ಟು ಒತ್ತಿದರು.

ಏನೂ ಆಗಲಿಲ್ಲ! ಇನ್ನೂ ಸ್ವಲ್ಪ ಜೋರಾಗಿ ಒತ್ತಿ, ಅತ್ತಿತ್ತ ಸವರಿದರು. ಚುರುಕ್ ಅನ್ನಲಿಲ್ಲ, ಚುಚ್ಚಲಿಲ್ಲ, ರಕ್ತದ ಒಂದು ಹನಿ ಇಲ್ಲ. ಐವತ್ತು ದಾಟಿದ ಮನುಷ್ಯ ಮಗುವಿನ ಹಾಗೆ ಕೂಗಿದರು: "ತೇಜೂ, ನೋವೇ ಇಲ್ಲ ಕಣೇ! ನೋಡಿಲ್ಲಿ, ಲಕ್ಷ ಸೂಜಿ ಚುಚ್ಕೊಂಡೆ, ಒಂದಿಷ್ಟೂ ನೋವಿಲ್ಲ!"

ಲ್ಯಾಬಿನವರೆಲ್ಲ ತಿರುಗಿ ನೋಡಿದರು. ತೇಜಸ್ವಿನಿ ಓಡಿ ಬಂದು ಬಟ್ಟಲನ್ನು ದೀಪಕ್ಕೆ ಹಿಡಿದಳು. ಮಖಮಲ್ಲಿನ ಮಧ್ಯೆ ಬೆರಳು ಸವರಿದಷ್ಟು ಬೂದುಬಣ್ಣದ ಹೊಳಪು. ಆ ಹೊಳಪಿನಷ್ಟೂ ಜಾಗದಲ್ಲಿ ಸೂಜಿಗಳು ಮುರಿದು ಮಲಗಿದ್ದವು. ಸೋಮವಾರದ ಪ್ರಯೋಗಕ್ಕೆಂದು ಹೊರದೇಶದಿಂದ ತರಿಸಿಟ್ಟಿದ್ದ ಚಿಪ್ಪು ಅದು. ಅವಳು ಬಯ್ಯಲಿಲ್ಲ. ಬಟ್ಟಲಿನ ಮೇಲೆ ಮುಚ್ಚಳ ಮುಚ್ಚಿ, "ನಡೀರಿ ಮಾಮ, ಮನೆಗೆ ಹೋಗೋಣ" ಎಂದಳು. ಬಯ್ದಿದ್ದರೇ ವಾಸಿಯಿತ್ತು.

ಕಾರಿನಲ್ಲಿ ಅನಂತರಾಮರಿಗೆ ಖುಷಿಪಡಬೇಕೋ ತಲೆತಗ್ಗಿಸಬೇಕೋ ಗೊತ್ತಾಗಲಿಲ್ಲ. ವಯಾಕಿ ವೇಯಲ್ಲಿ ಟ್ರಾಫಿಕ್ಕು ಜಾಮಾಗಿ, ಹಿಂದೊಂದು ಮಟಾಟು ವ್ಯಾನು ಹಾರ್ನ್ ಹೊಡೆಯುತ್ತಲೇ ಇತ್ತು. ಸ್ಟೀರಿಂಗ್ ಹಿಡಿದಿದ್ದ ತೇಜಸ್ವಿನಿಯ ಕಣ್ಣಲ್ಲಿ ನೀರಿತ್ತು.

"ಇನ್ನೊಂದು ತರಿಸೋಣ ಪುಟ್ಟಿ. ನಾನು ಮಾತಾಡ್ತೀನಿ ಬೇಕಾದ್ರೆ ನಿಮ್ಮ ಬಾಸ್ ಹತ್ರ" ಎಂದರು ಮೆಲ್ಲಗೆ. "ಆದ್ರೂ ಒಂದು ಮಾತು. ನಿನ್ನ ಸೂಜಿ ಕೆಲಸ ಮಾಡತ್ತೆ ಕಣೇ. ನನಗೆ ನಿಜವಾಗ್ಲೂ ನೋವಾಗ್ಲಿಲ್ಲ."

"ಹೇಗೆ ಆಗತ್ತೆ ಮಾಮ?" ತೇಜಸ್ವಿನಿಯ ದನಿ ಏರಿತು. ಮಾಮನ ಮುಂದೆ ಅವಳು ದನಿಯೇರಿಸಿದ್ದು ಅದೇ ಮೊದಲು. "ನಿಮ್ಮ ಬೆರಳಿನ ಮೇಲಿರೋ ಸತ್ತ ಚರ್ಮವನ್ನೂ ಅದು ದಾಟಿಲ್ಲ. ಅಷ್ಟು ಚಿಕ್ಕದು ಅದು. ನೋವಾಗಲಿಲ್ಲ ಅಂದ್ರೆ ಒಳಗೆ ಹೋಗಲೇ ಇಲ್ಲ ಅಂತ ಅರ್ಥ. ಅದು ಮನುಷ್ಯರಿಗೆ ಚುಚ್ಚೋದಕ್ಕೆ ಮಾಡಿದ್ದೇ ಅಲ್ಲ!"

"ಮತ್ತೆ ಇನ್ನೊಂದಿಷ್ಟು ತಿಂಗಳಲ್ಲಿ ರೆಡಿ ಆಗತ್ತೆ ಅಂದಿದ್ದೆ?"

"ಏನು ರೆಡಿ ಆಗತ್ತೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಮಟಾಟು ಮತ್ತೆ ಹಾರ್ನ್ ಹೊಡೆಯಿತು. ಅನಂತರಾಮರಿಗೆ ತಲೆ ಗಿರ್ರೆಂದಿತು. ಹೊಟ್ಟೆಯೊಳಗೆ ಹೋಗಬೇಕಾದ ಔಷಧಿ, ದನದ ರಕ್ತ, ಕಪ್ಪು ಚಿಪ್ಪು, ಸುಮ್ಮನೆ ಕೂತ ಆ ಗುಂಡಗಿನ ಕಣ, ಇಷ್ಟು ದಿನ ಇವೆಲ್ಲ ಒಂದಕ್ಕೊಂದು ಕೂಡಿಕೊಂಡು ಚೆನ್ನಾಗಿಯೇ ಇದ್ದವು. ಈಗ ಒಂದೂ ಇನ್ನೊಂದಕ್ಕೆ ಸೇರುತ್ತಿರಲಿಲ್ಲ. ಮನೆ ತಲುಪುವವರೆಗೆ ಅವರು ಕಿಟಕಿಯಾಚೆ ನೋಡುತ್ತಾ ಕೂತರು.

ಮನೆಯ ಬಾಗಿಲಲ್ಲಿ ಎಂದಿನಂತೆ ಶೂ ಬಿಚ್ಚಿಟ್ಟು ಒಳಗೆ ಹೋದರು. "ಬಾ ಇಲ್ಲಿ, ನಿಂಗೊಂದು ತೋರಿಸ್ಬೇಕು" ಎಂದು ನೇರ ಅಡುಗೆಮನೆಗೆ ನಡೆದು, ಉಪ್ಪಿನಕಾಯಿ ಬಾಟಲಿ ಸರಿಸಿ, ಡಬ್ಬಿ ತೆಗೆದು, ಹಾಲ್‌ಗೆ ಬಂದು ಅಕ್ಕನ ಮಗಳ ಮುಂದೆ ಹಿಡಿದರು. "ಇನ್ಸುಲಿನ್ ಕಣೇ. ಡಾಕ್ಟ್ರು ಕೊಟ್ಟು ಮೂರು ತಿಂಗಳಾಗ್ತಾ ಬಂತು. ನಿನ್ನ ಸೂಜಿ ಬರಲಿ ಅಂತ ಕಾಯ್ತಿದ್ದೆ. ನಿಮ್ಮತ್ತೆಗೆ ಹೇಳ್ಬೇಡ ಮಾರಾಯ್ತಿ."

ತೇಜಸ್ವಿನಿ ಡಬ್ಬಿಯನ್ನು ನೋಡುತ್ತಲೇ ಇರಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ, ಬಿಳಿ ಟೈಲ್ಸಿನ ಮೇಲೆ ಒಂದೇ ಕಾಲಿನ ಒದ್ದೆ ಹೆಜ್ಜೆಗಳು ಮೂಡಿದ್ದವು. ಕೆಂಪೂ ಅಲ್ಲದ ಹಳದಿಯೂ ಅಲ್ಲದ ಬಣ್ಣ.

"ಮಾಮ... ನಿಮ್ಮ ಕಾಲಿಗೇನಾಗಿದೆ?"

"ನನ್ನ ಕಾಲಿಗಾ? ಏನೂ ಇಲ್ವಲ್ಲ!" ಎಂದರು ಅನಂತರಾಮರು. ಆಮೇಲೆ ಅವರೂ ನೆಲ ನೋಡಿದರು. ಇದು ಯಾರ ಹೆಜ್ಜೆ ಎಂದು ಒಂದು ಗಳಿಗೆ ಅವರಿಗೆ ಹೊಳೆಯಲೇ ಇಲ್ಲ.

ತೇಜಸ್ವಿನಿ ಅವರನ್ನು ಸೋಫಾದ ಮೇಲೆ ಕೂರಿಸಿ, ಮಂಡಿಯೂರಿ ಸಾಕ್ಸ್ ಎಳೆದಳು. ಸಾಕ್ಸಿನ ಜೊತೆ ಏನೋ ಕಿತ್ತುಬಂತು. ವಾಸನೆ ಮೂಗಿಗೆ ಬಡಿಯಿತು. ಹೆಬ್ಬೆರಳಿನ ಕೆಳಗೆ ದೊಡ್ಡ ಹುಣ್ಣು, ಬೆರಳಿನ ತುದಿ ಕಪ್ಪಿಡುತ್ತಿತ್ತು. "ಅಯ್ಯೋ ದೇವರೇ" ಎಂದು ಅವಳು ಬಾಯಿಗೆ ಕೈಯಿಟ್ಟುಕೊಂಡಳು. "ನೋವಾಗ್ತಿರಲಿಲ್ವಾ ಮಾಮ ನಿಮಗೆ?"

"ಇಲ್ಲ ಕಣೇ" ಎಂದರು ಅನಂತರಾಮರು ಬೆಪ್ಪಾಗಿ. "ಸ್ವಲ್ಪಾನೂ ಇಲ್ಲ."

ಹೊತ್ತು ಇಳಿಯುವ ಮೊದಲೇ ಇಬ್ಬರೂ ಡಾಕ್ಟರ್ ಅಚಿಯೆಂಗ್ ಅವರ ಕ್ಲಿನಿಕ್ಕಿನಲ್ಲಿದ್ದರು. ಡಾಕ್ಟರು ಗಾಯ ನೋಡಿದರು, ಮೂಗು ಅರಳಿತು. ಡ್ರಾಯರಿನಿಂದ ನೈಲಾನ್ ಎಳೆಯೊಂದನ್ನು ತೆಗೆದರು, ಮೀನು ಹಿಡಿಯುವ ದಾರದಂಥದ್ದು. "ಕಣ್ಣು ಮುಚ್ಚಿ. ಪಾದಕ್ಕೆ ಇದನ್ನು ಮುಟ್ಟಿಸುತ್ತೇನೆ. ಗೊತ್ತಾದಾಗಲೆಲ್ಲ ಎಸ್ ಎನ್ನಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅನಂತರಾಮರು ಕಣ್ಣು ಮುಚ್ಚಿದರು. ಸೂಜಿಯಲ್ಲವಲ್ಲ, ದಾರ ತಾನೇ, ಎಂದು ಧೈರ್ಯವಾಗಿಯೇ ಇದ್ದರು. ಹೊರಗೆ ಯಾರೋ ಗೇಟು ತೆಗೆಯುವ ಸದ್ದು. ನರ್ಸು ಟ್ರೇ ತಂದಿಟ್ಟ ಸದ್ದು. ಅವರು ಕಾದರು. ಪಕ್ಕದಲ್ಲಿ ತೇಜಸ್ವಿನಿ ಮೂಗೆಳೆದಳು. ಶೀತವಾಗಿದೆಯೇನೋ ಪಾಪ. ಇನ್ನೂ ಕಾದರು. ಈ ಡಾಕ್ಟರು ಇಷ್ಟೇಕೆ ತಡ ಮಾಡುತ್ತಿದ್ದಾರೆ?

"ಯಾವಾಗ ಶುರು ಮಾಡ್ತೀರಿ ಡಾಕ್ಟರ್?" ಎಂದು ಕೇಳಿದರು.

ಕಣ್ಣು ತೆರೆದರೆ ಡಾಕ್ಟರು ಎಳೆಯನ್ನು ಡ್ರಾಯರಿನೊಳಗೆ ಇಡುತ್ತಿದ್ದರು. ತೇಜಸ್ವಿನಿ ಕೆನ್ನೆ ಒರೆಸಿಕೊಳ್ಳುತ್ತಿದ್ದಳು.

"ಮುಗೀತು ಮಾಮ" ಎಂದಳು.

ಅನಂತರಾಮರಿಗೆ ಆ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಬಗ್ಗಿ ತಮ್ಮ ಪಾದವನ್ನೇ ನೋಡಿದರು. ಕಾಲು ಅಲ್ಲೇ ಇತ್ತು, ಕಣ್ಣೆದುರಿಗೇ ಇತ್ತು, ಬೆರಳು ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಆದರೆ ಅದಕ್ಕೆ ಏನಾದರೂ ತಮಗೆ ಸುದ್ದಿಯೇ ಬರುತ್ತಿರಲಿಲ್ಲ. ಯಾವಾಗಿನಿಂದ? ಕಾಡಿನ ನಡಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆದರಲ್ಲ, ಆಗಲೇನಾ? ಆವತ್ತು ಮೆಟ್ಟಿಲ ಮೇಲೆ ಮೆರೆದದ್ದು ಇದನ್ನೇನಾ? ಹುಟ್ಟಿದಾಗಿನಿಂದ ನೋವಿಗೆ ಹೆದರಿ ಓಡಿದ ಮನುಷ್ಯ ನೋವಿಲ್ಲವೆಂದು ಹೆದರಬೇಕಾಗಿ ಬಂದಿತ್ತು. ಯಾವ ಕಡೆಗೆ ಓಡುವುದೆಂದೇ ಅವರಿಗೆ ಗೊತ್ತಾಗಲಿಲ್ಲ.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಸಕ್ಕರೆ ಕಾಲಿನ ನರಗಳನ್ನು ತಿಂದುಹಾಕಿದೆ, ಅದು ಇಳಿಯದೆ ಗಾಯ ಮಾಯುವುದಿಲ್ಲ. ಬೆರಳು ಉಳಿಯುತ್ತದೆಂದು ಮಾತು ಕೊಡಲಾರೆ. ಈ ಸಂಜೆಯೇ ಆಸ್ಪತ್ರೆಗೆ ಸೇರಬೇಕು, ಇನ್ಸುಲಿನ್ ಮಾತ್ರ ಈಗಲೇ, ಇಲ್ಲೇ. ನರ್ಸು ಪೆನ್ನು ಹಿಡಿದು ಮುಂದೆ ಬಂದಳು. ಅನಂತರಾಮರು ಕುರ್ಚಿ ಸಮೇತ ಹಿಂದೆ ಸರಿದರು. ಹಣೆಯ ಮೇಲೆ ಬೆವರು ಹನಿಯಿತು, ಕಣ್ಣು ಮೇಲಕ್ಕೆ ಹೋಗತೊಡಗಿತು. "ಪೋಲೆ, ಪೋಲೆ ಬಾಬಾ" ಎಂದು ನರ್ಸು ಸಮಾಧಾನ ಮಾಡಿದಳು.

"ತೇಜು ಕೊಡ್ಲಿ" ಎಂದರು ಅನಂತರಾಮರು. "ಅವಳಾದ್ರೆ ಆಗ್ಲಿ. ದಿನಾ ಲಕ್ಷಗಟ್ಟಲೆ ಚುಚ್ತಾಳೆ ಅವಳು."

ತೇಜಸ್ವಿನಿ ಪೆನ್ನು ತೆಗೆದುಕೊಂಡಳು. ಮಾಮನ ಷರಟು ಸರಿಸಿ, ನರ್ಸು ತೋರಿಸಿದ ಹಾಗೆ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದಳು. ಸೂಜಿ ಹತ್ತಿರ ತಂದಳು. ಹಿಂದಕ್ಕೆ ತೆಗೆದು, ಮತ್ತೆ ತಂದಳು. ಮತ್ತೆ ಹಿಂದಕ್ಕೆ ತೆಗೆದಳು. ಇದ್ದಕ್ಕಿದ್ದಂತೆ ಬಿಕ್ಕಿಬಿಕ್ಕಿ ಅಳತೊಡಗಿದಳು. "ನನ್ನ ಕೈಲಾಗಲ್ಲ ಮಾಮ. ನಾನು ಯಾವತ್ತೂ ಮನುಷ್ಯರಿಗೆ ಚುಚ್ಚಿಲ್ಲ. ಆವತ್ತು ಉಷಾ ಆಂಟಿ ಮನೇಲೇ ಹಾಗಲ್ಲ ಮಾಮ ಅಂತ ಒಂದು ಮಾತು ಅಂದಿದ್ರೆ... ಒಂದೇ ಒಂದು ಮಾತು..."

ಅಕ್ಕನ ಮಗಳು ಹಾಗೆ ಅಳುವುದನ್ನು ಅನಂತರಾಮರು ಅವಳ ಎಳವೆಯಲ್ಲೂ ನೋಡಿರಲಿಲ್ಲ. ಅವರಿಗೆ ತಡೆಯಲಾಗಲಿಲ್ಲ. "ಏ ಹುಚ್ಚಿ, ಅಳಬಾರದು. ನೀನೇನೇ ಮಾಡ್ದೆ? ಕೇಳಿಸ್ಕೊಳ್ಳೋನು ನೆಟ್ಟಗಿರ್ಬೇಕಿತ್ತು. ಕೊಡಿಲ್ಲಿ" ಎಂದರು. ಪೆನ್ನನ್ನು ಅವಳ ಕೈಯಿಂದ ತೆಗೆದುಕೊಂಡರು. ಬದುಕಿನಲ್ಲಿ ಮೊದಲ ಸಲ ಸೂಜಿಯನ್ನು ಕಣ್ಣುಬಿಟ್ಟು ನೋಡಿದರು. ತೆಳ್ಳಗೆ ಹೊಳೆಯುತ್ತಿತ್ತು.

ಅವರೂ ಪೆನ್ನನ್ನು ಹೊಟ್ಟೆಯ ಹತ್ತಿರ ತಂದು ತಡೆದರು. ಆದರೆ ಅದು ಚುಚ್ಚುತ್ತದೆಂಬ ಹೆದರಿಕೆಯಿಂದಲ್ಲ. ಹೊಟ್ಟೆಯೂ ಕಾಲಿನ ಹಾಗೇ ಆಗಿಬಿಟ್ಟಿದ್ದರೆ? ಚುಚ್ಚಿದರೂ ಗೊತ್ತಾಗದಿದ್ದರೆ? ಈ ದೇಹ ಎಲ್ಲೆಲ್ಲಿ ತಮ್ಮನ್ನು ಬಿಟ್ಟು ಹೋಗಿದೆಯೋ ಯಾರು ಬಲ್ಲರು? ಚರ್ಮ ಹಿಡಿದು, ಉಸಿರು ಬಿಗಿದು, ಒತ್ತಿಬಿಟ್ಟರು.

"ಹಾ!" ಎಂದು ಕೂಗಿದರು.

ನರ್ಸು ಬೆಚ್ಚಿದಳು. ತೇಜಸ್ವಿನಿ ಗಾಬರಿಯಿಂದ ಅವರ ಭುಜ ಹಿಡಿದಳು. "ಏನಾಯ್ತು ಮಾಮ? ಏನಾಯ್ತು?"

ಅನಂತರಾಮರ ಕೆನ್ನೆಯ ಮೇಲೆ ನೀರು ಇಳಿಯು­ತ್ತಿತ್ತು. ಅವರು ನಗುತ್ತಿದ್ದರು.

"ನೋವಾಯ್ತು ಕಣೇ" ಎಂದರು. "ಪುಟ್ಟೀ, ನೋವಾಯ್ತು!"